ಒಂಬತ್ತನೇ ಸಾಲಿನ ಸೊಗಡು

ಮೊದಲೇ ಹೇಳಿಬಿಡುತ್ತೇನೆ, ನನ್ನ ಬಾಯಿ ಒಳ್ಳೆಯದಲ್ಲ. ಗಜಾಲಾ ಮೇಡಮ್ ಒಳಗಿದ್ದಾರೆ ಅಂತ ಗೊತ್ತಾದರೆ ಎಂ.ಎಸ್ಸಿ. ಹುಡುಗರು ಲ್ಯಾಬಿನ ಬಾಗಿಲಲ್ಲೇ ನಿಂತು ನೀನು ಹೋಗು, ನೀನು ಹೋಗು ಅಂತ ಒಬ್ಬರನ್ನೊಬ್ಬರು ತಳ್ಳಾಡುತ್ತಾರೆ. ಕೋಗಿಲು ದಾಟಿ ಹುಣಸಮಾರನಹಳ್ಳಿಯ ದಿಕ್ಕಿಗಿರುವ ನಮ್ಮ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ತಾಂತ್ರಿಕ ಸಹಾಯಕಿಯಾಗಿದ್ದೇನೆ. ಇಷ್ಟು ವರ್ಷದಲ್ಲಿ ಮೂವರು ಮುಖ್ಯಸ್ಥರು ಬದಲಾದರು, ಎರಡು ಸಲ ಕಟ್ಟಡಕ್ಕೆ ಬಣ್ಣ ಬಳಿದರು, ನನ್ನ ಬಾಯಿ ಮಾತ್ರ ಹಾಗೇ ಇದೆ. ಅದರಿಂದ ಆದ ಅನಾಹುತವನ್ನೂ ನಾನೇ ಹೇಳುವುದು ವಾಸಿ. ಬೇರೆಯವರು ಹೇಳಿದರೆ ಉಪ್ಪು ಖಾರ ಹಚ್ಚುತ್ತಾರೆ.

ನನ್ನ ಪಾಲಿಗಿರುವುದು ಒಂದು ಮಿಷನ್. ವಾಸನೆ ಅಳೆಯುವ ಮಿಷನ್ ಅಂದುಕೊಳ್ಳಿ, ಸಾಕು. ಯಾವುದೇ ವಸ್ತುವಿನ ಸಾರ ಒಂದು ತೊಟ್ಟು ಒಳಗೆ ಬಿಟ್ಟರೆ, ಅದರಲ್ಲಿರುವುದನ್ನೆಲ್ಲ ಬೇರೆ ಬೇರೆ ಮಾಡಿ, ಒಂದೊಂದಕ್ಕೂ ಕಾಗದದ ಮೇಲೆ ಒಂದೊಂದು ಶಿಖರ ಬರೆದು ಕೊಡುತ್ತದೆ. ಒಂದು ಮಾದರಿಗೆ ನಲವತ್ತು ನಿಮಿಷ. ಅವರೆಕಾಯಿಯ ಸೊಗಡಾದರೆ ಅದರ ಶಿಖರ ಹದಿನಾಲ್ಕನೇ ನಿಮಿಷಕ್ಕೆ ಏಳಬೇಕು.

ಮೇ ತಿಂಗಳ ಆ ಗುರುವಾರ ಏಳಲಿಲ್ಲ. ಮೊದಲನೇ ಸಾಲಿನ ಕಾಯಿ ಹಾಕಿದೆ, ಗೀಟು ಚಪ್ಪಟೆ. ಎರಡನೇ ಸಾಲು, ಚಪ್ಪಟೆ. ಒಂಬತ್ತನೇ ಸಾಲಿಗೆ ಬರುವಷ್ಟರಲ್ಲಿ ಶಿಲ್ಪ ನನ್ನ ಬೆನ್ನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದವಳು ಎದ್ದು ನಿಂತಿದ್ದಳು. ಹದಿನಾಲ್ಕು ನಿಮಿಷ ಕಳೆಯಿತು, ಹದಿನೈದು ಕಳೆಯಿತು. ಸೂಜಿಮೊನೆಯಷ್ಟು ಒಂದು ಗುಳ್ಳೆ ಎದ್ದು ಮಲಗಿತು, ಅಷ್ಟೇ.

"ಮೇಡಮ್, ಮಿಷನ್ ಸರಿ ಇದ್ಯಾ?" ಅಂದಳು.

"ನನ್ನ ಮಿಷನ್‌ಗೇನು ಬಂದಿದೆ ರೋಗ? ನಿನ್ನ ಕಾಯಿ ನೋಡ್ಕೋ," ಅಂತ ರೇಗಿದೆ. 

ಶಿಲ್ಪ ನಮ್ಮ ವಿಭಾಗದ ಪಿಎಚ್.ಡಿ. ಹುಡುಗಿ. ಹುಡುಗಿ ಅಂದೆ, ಮೂವತ್ತೊಂದು ದಾಟಿದೆ. ಕೋಗಿಲಿನವಳು. ಅವಳ ತಾತ ಅವರೆ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಡಾವಣೆ ಇದೆ. ಅವರೆಕಾಯಿಯ ಮರ್ಮ ಬೆಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ: ಮಂಜು ಬೀಳುವ ಎರಡು ಮೂರು ತಿಂಗಳು, ಕಾಯಿಯ ಮೇಲೆ ಕೈಗೆ ಅಂಟುವ ಒಂದು ಜಿಡ್ಡು, ಅದರ ಘಮ, ಅದೇ ಸೊಗಡು. ಅದಿಲ್ಲದಿದ್ದರೆ ಅವರೆಗೂ ಬೀನ್ಸಿಗೂ ವ್ಯತ್ಯಾಸವಿಲ್ಲ. ಬೇಸಿಗೆಯಲ್ಲಿ ಕಾಯಿ ಬಿಡುವ ತಳಿ ಇದ್ದೇ ಇದೆ. ಆದರೆ ಅದರಲ್ಲಿ ಸೊಗಡಿಲ್ಲ. ನಮ್ಮ ಮನೆಯಲ್ಲಿ ಖೀಮಾಗೆ ಅವರೆಕಾಳು ಹಾಕುವ ರೂಢಿ. ಬೇಸಿಗೆ ಕಾಳು ಹಾಕಿದ ದಿನ ಯಾರೂ ಎರಡನೇ ಸಲ ಬಡಿಸಿಕೊಳ್ಳುವುದಿಲ್ಲ.

ಬೇಸಿಗೆಯಲ್ಲೂ ಸೊಗಡಿರುವ ಅವರೆ ತರುತ್ತೇನೆ ಅಂತ ಶಿಲ್ಪ ಹಟ ಹಿಡಿದು ಐದು ವರ್ಷವಾಗಿತ್ತು. ಚಳಿಗಾಲದ ಹಳೇ ಅವರೆಗೂ ಬೇಸಿಗೆ ತಳಿಗೂ ಹೂವಿನಿಂದ ಹೂವಿಗೆ ಕೈಯಲ್ಲೇ ಪರಾಗ ಮುಟ್ಟಿಸಿ, ಪೀಳಿಗೆಯ ಮೇಲೆ ಪೀಳಿಗೆ ಬೆಳೆಸಿ, ಕೊನೆಗೆ ಹದಿನಾರು ಬಗೆ, ಬಗೆಗೊಂದರಂತೆ ಹದಿನಾರು ಸಾಲು ಉಳಿಸಿಕೊಂಡಿದ್ದಳು. ಈ ಬೇಸಿಗೆ ಅದರ ಪರೀಕ್ಷೆ. ಸೋಮವಾರ ಹನ್ನೊಂದಕ್ಕೆ ಪರಿಶೀಲನಾ ಸಮಿತಿ ಬರುವುದಿತ್ತು. ಸೊಗಡು ತೋರಿಸಿದರೆ ಪ್ರಯೋಗ ಮುಂದುವರಿಯುತ್ತದೆ, ಅವಳು ಪ್ರಬಂಧ ಬರೆಯಬಹುದು. ತೋರಿಸದಿದ್ದರೆ ಆ ಸಾಲುಗಳಿರುವ ತುಂಡು ಜಮೀನು, ಅಂದರೆ ಅವಳ ಪ್ರಯೋಗದ ತಾಕು, ಖಾಲಿ ಮಾಡಿ ಅತಿಥಿಗೃಹ ಕಟ್ಟಲು ಕೊಡಬೇಕು. ಅವಳ ಫೆಲೋಶಿಪ್ ಜೂನ್‌ಗೆ ಮುಗಿಯುತ್ತದೆ. ಐದು ವರ್ಷ ಬಿಸಿಲಲ್ಲಿ ಬೆನ್ನು ಬಗ್ಗಿಸಿದ್ದಕ್ಕೆ ಕೈಯಲ್ಲಿ ಒಂದು ಹಾಳೆಯೂ ಉಳಿಯುವುದಿಲ್ಲ.

ಇನ್ನೊಂದು ಸಲ ಕಾಯಿ ಕಿತ್ತು ತರೋಣ ಅಂದರೆ, ಮಾದರಿ ಕಿತ್ತು ಹನ್ನೆರಡು ದಿನವಾಗಿತ್ತು. ಉಳಿದ ಕಾಯಿ ಬೀಜಕ್ಕೆ ಅಂತ ಬಿಟ್ಟಿದ್ದು, ಬಲಿತು ಒಣಗಿತ್ತು. ಒಣಗಿದ ಕಾಯಿಯಲ್ಲಿ ಸೊಗಡು ಹುಡುಕಿದರೆ ಏನು ಸಿಗುತ್ತದೆ, ಮಣ್ಣು.

ವಿಭಾಗದ ಮುಖ್ಯಸ್ಥರು ಪಂಚಪ್ಪ ಸರ್. ಕೆಟ್ಟವರಲ್ಲ, ಆದರೆ ಹೆದರುಪುಕ್ಕಲು ಮನುಷ್ಯ. ಆಡಳಿತ ಭವನದ ಗೋಡೆಯ ಮೇಲೆ ವಿಭಾಗವಾರು ಸಂಶೋಧನಾ ಪ್ರಕಟಣೆಗಳ ಸಂಖ್ಯೆ ಹಾಕುತ್ತಾರಲ್ಲ, ಅದರ ಮುಂದೆ ಹಾದುಹೋಗುವಾಗ ಮೊಬೈಲ್ ನೋಡುವ ಹಾಗೆ ನಟಿಸುತ್ತಾರೆ. ಎರಡು ವರ್ಷದಿಂದ ನಮ್ಮ ಹೆಸರಿನ ಮುಂದೆ ಒಂದೂ ಇರಲಿಲ್ಲ. ಚಪ್ಪಟೆ ಗೀಟುಗಳನ್ನು ನೋಡಿ, "ನೆಗೆಟಿವ್ ರಿಸಲ್ಟ್ ಕೂಡ ಒಂದು ರಿಸಲ್ಟೇ ಕಣಮ್ಮ," ಅಂತ ಶಿಲ್ಪಗೆ ಸಮಾಧಾನ ಹೇಳಿದರು. ಅವರ ಧ್ವನಿ ಕೇಳಿದರೆ ಯಾರದೋ ಮನೆಗೆ ಸಾವಿಗೆ ಬಂದವರ ಹಾಗಿತ್ತು.

ನನ್ನ ಮೇಜಿನ ಡ್ರಾಯರಿನಲ್ಲಿ ಡಿಸೆಂಬರ್‌ನ ಗ್ರಾಫ್‌ಗಳಿದ್ದವು. ಚಳಿಗಾಲದ ಹಳೇ ಅವರೆಯದ್ದು. ಹದಿನಾಲ್ಕನೇ ನಿಮಿಷಕ್ಕೆ ತೆಂಗಿನ ಮರದ ಹಾಗೆ ನೆಟ್ಟಗೆ ನಿಂತ ಶಿಖರ. ಸುಳ್ಳು ಯಾಕೆ ಹೇಳಲಿ, ಅವತ್ತು ಮಧ್ಯಾಹ್ನ ಡಬ್ಬಿಯ ಅನ್ನ ಮುಂದಿಟ್ಟುಕೊಂಡು ಒಂದು ಕ್ಷಣ ಆ ಡ್ರಾಯರನ್ನೇ ನೋಡಿದೆ. ದಿನಾಂಕ ತಿದ್ದಿದರೆ ಕೇಳುವವರು ಯಾರು? ಆಮೇಲೆ ನನ್ನ ಮೇಲೇ ಅಸಹ್ಯವಾಗಿ, ಡಬ್ಬಿ ಮುಚ್ಚಿ ಎದ್ದೆ. ಆ ಮಿಷನ್‌ನಿಂದ ಇವತ್ತಿನವರೆಗೂ ಒಂದು ಸುಳ್ಳು ಹಾಳೆ ಹೊರಗೆ ಬಂದಿಲ್ಲ.

ಆದರೆ ಒಂದು ವಿಷಯ ಕೊರೆಯುತ್ತಿತ್ತು. ಸೊಗಡು ಕಡಿಮೆ ಇದ್ದರೆ ಚಿಕ್ಕ ಶಿಖರ ಬರಬೇಕು. ಹದಿನಾರು ಸಾಲಿಗೆ ಹದಿನಾರೂ ಹೆಚ್ಚುಕಡಿಮೆ ಒಂದೇ ಅಳತೆಗೆ ಬೋಳಾಗಿರುವುದು ಸಾಧ್ಯವೇ ಇಲ್ಲ. ಕಾಯಿ ಕಿತ್ತವರು ಎಲ್ಲೋ ಎಡವಟ್ಟು ಮಾಡಿದ್ದಾರೆ ಅಂತ ನನಗೆ ಖಾತ್ರಿಯಾಯಿತು. ಕಿತ್ತವರು ಅಂದರೆ ಗೋಪಾಲಮ್ಮ.

ಗೋಪಾಲಮ್ಮ ತಾಕಿನ ಕೆಲಸದ ಹೆಂಗಸು, ಅರವತ್ತರ ಹತ್ತಿರ. ಶಿಲ್ಪ ಬಂದಾಗಿನಿಂದ ಅವಳ ಜೊತೆಗೇ ಇದ್ದಾರೆ. ಶುಕ್ರವಾರ ಬೆಳಿಗ್ಗೆ ನಾನು ತಾಕಿಗೆ ಹೋಗಿ, ಏದುಸಿರು ಬಿಡುತ್ತಾ ಬದುವಿನ ಮೇಲೆ ನಿಂತೇ ಶುರು ಹಚ್ಚಿಕೊಂಡೆ. ಶಿಲ್ಪ ನನ್ನ ಹಿಂದೆ ಓಡಿ ಬಂದಿದ್ದಳು.

"ಏನ್ರೀ ಗೋಪಾಲಮ್ಮ, ಯಾವ ಕಾಯಿ ಕಿತ್ತು ಕೊಟ್ರಿ? ಬಲಿತಿದ್ದಾ? ಬಿಸಿಲಲ್ಲಿ ಒಣಗಿಸಿಟ್ಟಿದ್ರಾ? ಆ ಹುಡುಗಿ ಐದು ವರ್ಷದ ಕೆಲಸ ನೀರಲ್ಲಿ ಹೋಮ ಆಯ್ತಲ್ರೀ!"

ಗೋಪಾಲಮ್ಮ ಕುಡುಗೋಲು ಕೆಳಗಿಟ್ಟರು. "ಯಾಕವ್ವ ಅಂಗಂತೀರಿ? ಎಳೇ ಬಿಸಿಲಿಗೆ ಮುಂಚೆ ಕಿತ್ತಿವ್ನಿ. ಗಿಡಕ್ಕೆ ಎಲ್ಡು, ಸಾಲಿಗೆ ಇಪ್ಪತ್ತು. ಎಣಿಸಿ, ಒರೆಸಿ, ನೆಳ್ಳಲ್ಲಿಟ್ಟು ಕವರ್‌ಗಾಕಿ ಕೊಟ್ಟಿವ್ನಿ."

"ಏನು? ಏನ್ ಮಾಡಿ ಅಂದ್ರಿ?"

"ಒರೆಸಿ."

ಶಿಲ್ಪ ಬದುವಿನ ಮೇಲೆ ಕೂತಳು. ನನಗೆ ತಲೆ ಕೆಟ್ಟುಹೋಯಿತು. "ಅಯ್ಯೋ ಅಲ್ಲಾ! ಅವರೆಕಾಯಿ ಯಾರಾದ್ರೂ ಒರೆಸ್ತಾರೇನ್ರೀ? ಈ ಊರಲ್ಲೇ ಹುಟ್ಟಿ ಬೆಳೆದವರು ನೀವು! ಸೊಗಡು ಇರೋದೇ ಮೈ ಮೇಲೆ!"

ಅವರು ನನ್ನ ಕಡೆ ನೋಡಿದರು. ಸಿಟ್ಟಿನಿಂದ ಅಲ್ಲ, ನಿಜವಾಗಿ ಅರ್ಥವಾಗದೆ. "ಮನೇಗಾದ್ರೆ ಯಾವಳಾದ್ರೂ ಒರೆಸ್ತಾಳಾ ಮೇಡಮ್ಮ? ಮಿಸನ್‌ಗೆ ಅಂತ ಒರೆಸ್ದೆ. ನೀವೇ ಅಂದ್ರಲ್ಲ. ಚಳಿಗಾಲ್ದಾಗೆ ನಾನು ಕಾಯಿ ತಂದಾಗ, ಅಂಟೆಲ್ಲ ಮಿಸನ್‌ಗೆ ಮೆತ್ಕೊಂತದೆ, ಒರೆಸಿ ತಂದ್ರೆ ಒಳೀಕ್ಕೆ ಬಾ, ಇಲ್ಲಾಂದ್ರೆ ಕಾಲಿಡ್ಬೇಡ ಅಂತ."

ಅಂದಿದ್ದೆ. ಅವರು ಹೇಳಿದ ತಕ್ಷಣ ಎಲ್ಲ ನೆನಪಿಗೆ ಬಂತು. ಡಿಸೆಂಬರ್‌ನಲ್ಲಿ ಅವರು ಸೊಗಡು ಮೆತ್ತಿದ ಕೈಯಲ್ಲಿ ನನ್ನ ರಿಜಿಸ್ಟರ್ ಮುಟ್ಟಿ, ಹಾಳೆಗೆ ಹಾಳೆ ಅಂಟಿಕೊಂಡಿತ್ತು, ಮಿಷನ್ನಿನ ಮುಚ್ಚಳದ ಮೇಲೆ ಐದು ಬೆರಳೂ ಮೂಡಿತ್ತು. ನಾನು ಆ ಹೆಂಗಸನ್ನು ಹುಡುಗರ ಮುಂದೆ ಬಾಯಿಗೆ ಬಂದ ಹಾಗೆ ಬೈದಿದ್ದೆ. ಊಟದ ಹೊತ್ತಿಗೆ ಮರೆತೂ ಬಿಟ್ಟಿದ್ದೆ. ನನಗೆ ಬೈದದ್ದು ಮರೆಯುವುದು ಸುಲಭ. ಬೈಸಿಕೊಂಡವರು ಐದು ತಿಂಗಳು ಅದನ್ನು ಆಜ್ಞೆಯ ಹಾಗೆ ಕಾಪಾಡಿಕೊಂಡು, ಮುನ್ನೂರೈವತ್ತಕ್ಕೂ ಹೆಚ್ಚು ಕಾಯಿಗಳನ್ನು ಒಂದೊಂದಾಗಿ ಒರೆಸಿ ಕೊಟ್ಟಿದ್ದರು.

 ಶಿಲ್ಪ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಮಣ್ಣು ಕೆದಕುತ್ತಾ, "ಪರವಾಗಿಲ್ಲ ಬಿಡಿ ಗೋಪಾಲಮ್ಮ, ನಿಮಗೇನ್ ಗೊತ್ತು ಪಾಪ," ಅಂದಳು. ಆಮೇಲೆ ಸುಮ್ಮನೆ ಕೇಳುವ ಹಾಗೆ, "ಯಾತರಲ್ಲಿ ಒರೆಸಿದ್ರಿ?" ಅಂದಳು.

"ನಮ್ಮೆಜಮಾನ್ರ ಹಳೇ ಪಂಚೆ ಇತ್ತು. ಅರ್ದ ಹರ್ಕೊಂಡೆ. ಸಾಲಿಗೊಂದು ತುಂಡು."

"ಸಾಲಿಗೊಂದಾ? ಎಲ್ಲಾದಕ್ಕೂ ಒಂದೇ ಅಲ್ವಾ?"

ಈಗ ಗೋಪಾಲಮ್ಮನಿಗೆ ನಿಜವಾಗಿ ಸಿಟ್ಟು ಬಂತು. "ಒಂದ್ರಲ್ಲೇ ಒರೆಸಾಕೆ ನನ್ಗೇನ್ ಬುದ್ದಿ ಇಲ್ವಾ? ನೀನೇ ತಾನೇ ಐದೊರ್ಸದಿಂದ ಬಡ್ಕೊಂಡಿದ್ದು, ಒಂದು ಸಾಲಿನ್ದು ಇನ್ನೊಂದಕ್ಕೆ ಸೋಕಬಾರ್ದು, ಸಾಲಿನ ಸಾಮಾನು ಸಾಲಿನ ಕವರ್‌ಗೇ ಅಂತ. ಅಂಗೇ ಆಕಿವ್ನಿ."

ಇದೊಂದು ನಿಮಗೆ ಬಿಡಿಸಿ ಹೇಳಬೇಕು. ಹೂವಿಗೆ ಹೂ ಮುಟ್ಟಿಸುವ ಕೆಲಸದಲ್ಲಿ ಒಂದು ಸಾಲಿನ ಪರಾಗ ಇನ್ನೊಂದಕ್ಕೆ ಸೋಕಿದರೆ ತಳಿ ಕೆಡುತ್ತದೆ. ಅದಕ್ಕೇ ಶಿಲ್ಪ ಒಂದೊಂದು ಸಾಲಿಗೂ ಬೇರೆ ಚಿಮಟ, ಬೇರೆ ಹತ್ತಿ, ಬೇರೆ ಚೀಟಿ ಇಟ್ಟು, ಕೆಲಸ ಮುಗಿದ ಮೇಲೆ ಎಲ್ಲವನ್ನೂ ಆ ಸಾಲಿನ ನಂಬರಿನ ಕವರಿಗೆ ಹಾಕಿ, ಗಾಳಿಯಾಡದಂತೆ ಒತ್ತಿ, ಬೀಜದ ತಂಪುಕೋಣೆಯಲ್ಲಿ ಇಡುವ ಅಭ್ಯಾಸ ಮಾಡಿಸಿದ್ದಳು. ಗೋಪಾಲಮ್ಮ ಒರೆಸಿದ ಬಟ್ಟೆಯನ್ನೂ ಸಾಲಿನ ಸಾಮಾನು ಅಂತಲೇ ಲೆಕ್ಕ ಹಿಡಿದಿದ್ದರು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ಓಡಿದೆವು. ಐವತ್ತೆರಡು ವರ್ಷಕ್ಕೆ ಮಂಡಿನೋವು ಇಟ್ಟುಕೊಂಡು ನಾನು ಹಾಗೆ ಓಡಿದ್ದನ್ನು ಯಾರೂ ವಿಡಿಯೋ ಮಾಡಲಿಲ್ಲ ಅನ್ನುವುದೇ ಸಮಾಧಾನ. ತಂಪುಕೋಣೆಯ ಮೂರನೇ ಕಪಾಟಿನಲ್ಲಿ ಹದಿನೆಂಟು ಕವರ್ ಸಾಲಾಗಿದ್ದವು, ಹದಿನಾರು ಶಿಲ್ಪಳ ಸಾಲುಗಳದ್ದು, ಎರಡು ಹೋಲಿಸಿ ನೋಡಲು ಬೆಳೆದಿದ್ದ ಸೊಗಡಿಲ್ಲದ ಬೇಸಿಗೆ ತಳಿಯದ್ದು. ಒಂದೊಂದರಲ್ಲೂ ಮಡಿಸಿಟ್ಟ ಬಿಳಿ ಬಟ್ಟೆಯ ತುಂಡು. ಶಿಲ್ಪ ಒಂಬತ್ತನೇ ಕವರಿನ ಬಾಯಿ ಒಂದಿಷ್ಟೇ ಬಿಡಿಸಿದಳು.

ಬಂತು. ಆ ಚಳಿ ಕೋಣೆಯಲ್ಲಿ, ಮೇ ತಿಂಗಳಲ್ಲಿ, ಜನವರಿಯ ಮಾರ್ಕೆಟ್ಟಿನ ವಾಸನೆ ಗಮ್ ಅಂತ ಬಂತು. ಶಿಲ್ಪ ತಕ್ಷಣ ಕವರ್ ಮುಚ್ಚಿ ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿದಳು.

"ಮೂಗಿಗೆ ಬಂದ್ರೆ ಸಾಲದು," ಅಂದೆ.  "ಹಾಳೆ ಮೇಲೆ ಬರ್ಬೇಕು. ಆ ಪಂಚೆ ಇನ್ನರ್ಧ ಎಲ್ಲಿದೆ ಕೇಳು. ಬರೀ ಬಟ್ಟೆ ಏನ್ ತೋರಿಸುತ್ತೆ ಅಂತಾನೂ ನೋಡ್ಬೇಕಲ್ಲ."

ಉಳಿದ ಅರ್ಧ ಗೋಪಾಲಮ್ಮನ ಮನೆಯಲ್ಲಿತ್ತು. ತಂದುಕೊಟ್ಟರು. ಶನಿವಾರ ಬೆಳಿಗ್ಗೆ ಏಳೂವರೆಗೆ ಲ್ಯಾಬಿನ ಬಾಗಿಲು ತೆಗೆದೆ. ಬಟ್ಟೆ ತುಂಡುಗಳನ್ನು ಒಂದೊಂದಾಗಿ ದ್ರಾವಣದಲ್ಲಿ ಅದ್ದಿ, ಸೋಸಿ, ಸಾರ ತೆಗೆದು, ಹತ್ತೊಂಬತ್ತು ಪುಟ್ಟ ಸೀಸೆ ತುಂಬಿದೆವು. ಹತ್ತೊಂಬತ್ತನೆಯದು ಬರೀ ಪಂಚೆಯದ್ದು. ಮೊದಲು ಅದನ್ನೇ ಹಾಕಿದೆ. ಒಂಬತ್ತನೇ ನಿಮಿಷಕ್ಕೆ ಒಂದು ಗಡ್ಡೆ ಎದ್ದಿತು, ಬಟ್ಟೆ ಸೋಪಿನದ್ದು. ಹದಿನಾಲ್ಕಕ್ಕೆ ಏನೂ ಇಲ್ಲ. ಶಾಭಾಶ್, ಅಲ್ಲಿಗೆ ಬಟ್ಟೆ ನಿರಪರಾಧಿ. ಆಮೇಲೆ ಸೊಗಡಿಲ್ಲದ ತಳಿಯ ಎರಡು ಸಾಲು. ಅಲ್ಲೂ ಹದಿನಾಲ್ಕಕ್ಕೆ ಏನೂ ಇಲ್ಲ. ಇರಬಾರದು, ಇರಲಿಲ್ಲ.

ನಂತರ ಒಂದನೇ ಸಾಲು. ಹನ್ನೆರಡು ನಿಮಿಷ, ಹದಿಮೂರು. ಶಿಲ್ಪ ಕಣ್ಣು ಮುಚ್ಚಿಕೊಂಡಿದ್ದಳು.

"ಕಣ್ ಬಿಡೇ," ಅಂತ ಬೆನ್ನಿಗೆ ಗುದ್ದಿದೆ. ಶಿಖರ ಏಳುತ್ತಿತ್ತು. ದೊಡ್ಡದೇನಲ್ಲ, ಚಳಿಗಾಲದ ಅವರೆಯ ಕಾಲುಭಾಗ ಇರಬಹುದು. ಆದರೆ ಎದ್ದಿತ್ತು.

ಶನಿವಾರ ಆರು ಸಾಲು ಮುಗಿಸಿದೆವು. ಭಾನುವಾರ ನನ್ನ ತಂಗಿ ಮಲ್ಕಾಳ ಮಗಳು ಅಫ್ರೀನ್‌ಗೆ ಆರ್.ಟಿ. ನಗರದಲ್ಲಿ ನಿಶ್ಚಿತಾರ್ಥ. ದೊಡ್ಡಮ್ಮ ಅಂತ ನಾನೊಬ್ಬಳೇ ಇರುವುದು. ಬೆಳಿಗ್ಗೆ ಹತ್ತಕ್ಕೆ ಮಲ್ಕಾ ಫೋನ್ ಮಾಡಿ, ನಮ್ಮ ದಖನಿಯಲ್ಲಿ ಎಷ್ಟು ಬೈಗುಳವಿದೆಯೋ ಅಷ್ಟನ್ನೂ ಬಳಸಿದಳು. ಅವರೆಕಾಯಿಗೋಸ್ಕರ ಮಗುವಿನ ಶುಭಕಾರ್ಯ ಬಿಡುತ್ತೀಯಾ ಅಂದಳು. ನನ್ನ ತಪ್ಪಿನಿಂದ ಇನ್ನೊಬ್ಬರ ಮಗಳ ಐದು ವರ್ಷ ಹೋಗುತ್ತಿದೆ ಅಂದೆ. ಅವಳಿಗೆ ಅರ್ಥವಾಗಲಿಲ್ಲ, ಫೋನ್ ಕುಕ್ಕಿದಳು. ಇವತ್ತಿಗೂ ಆ ಮಾತು ಎತ್ತಿ ಆಡುತ್ತಾಳೆ, ಆಡಲಿ.

ಹನ್ನೊಂದೂವರೆ ಹೊತ್ತಿಗೆ ಒಂಬತ್ತನೇ ಸಾಲಿನ ಸರದಿ ಬಂತು. ಭಾನುವಾರವಾದರೂ ಗೋಪಾಲಮ್ಮ ಬಂದಿದ್ದರು. ಒಳಗೆ ಕಾಲಿಡಲಿಲ್ಲ, ಬಾಗಿಲ ಹೊರಗೇ ನಿಂತಿದ್ದರು. ನಾನು ಹೋಗಿ ಕೈ ಹಿಡಿದು ಎಳೆದು ತಂದು ನನ್ನ ಕುರ್ಚಿಯ ಮೇಲೆ ಕೂರಿಸಿದೆ. "ನಾನು ಅವತ್ತು ಆಡಿದ್ದು ತಪ್ಪಾಯ್ತು, ಗೋಪಾಲಮ್ಮ," ಅಂದೆ. ಇಪ್ಪತ್ತನಾಲ್ಕು ವರ್ಷದಲ್ಲಿ ಆ ಲ್ಯಾಬಿನಲ್ಲಿ ನಾನು ಯಾರಿಗೂ ಹೇಳದ ಮಾತು. ಅವರು, "ಆಯ್ತು ಬುಡವ್ವ, ಅದೇನ್ ಬರ್ತಿದೆ ನೋಡಿ ಅತ್ಲಾಗೆ," ಅಂದರು.

ಹದಿನಾಲ್ಕನೇ ನಿಮಿಷಕ್ಕೆ ಗೀಟು ನೆಟ್ಟಗೆ ಮೇಲಕ್ಕೆ ಹೊರಟಿತು. ಒಂದನೇ ಸಾಲಿನ ಎತ್ತರ ದಾಟಿತು, ಆರನೇ ಸಾಲಿನದು ದಾಟಿತು, ಪರದೆಯ ಅಂಚು ಮುಟ್ಟಿತು. ಶಿಖರ ಪೂರ್ತಿ ಕಾಣಲು ನಾನು ಪರದೆಯ ಅಳತೆ ಕುಗ್ಗಿಸಬೇಕಾಯಿತು. ಡ್ರಾಯರಿನಿಂದ ಡಿಸೆಂಬರ್‌ನ ಹಾಳೆ ತೆಗೆದು ಪಕ್ಕದಲ್ಲಿ ಹಿಡಿದೆ. ಒಂದೇ ಎತ್ತರ. ಚಳಿಯಿಲ್ಲ, ಮಂಜಿಲ್ಲ, ಮೂವತ್ತಾರು ಡಿಗ್ರಿ ಬಿಸಿಲಿನಲ್ಲಿ ಬೆಳೆದ ಕಾಯಿ. ಶಿಲ್ಪ ಗೋಪಾಲಮ್ಮನ ಮಡಿಲಲ್ಲಿ ಮುಖವಿಟ್ಟು ಗೊಳೋ ಅಂತ ಅತ್ತಳು. ನನಗೂ ಅಳು ಬಂತು, ಆದರೆ ಇನ್ನೂ ಏಳು ಸೀಸೆ ಉಳಿದಿದ್ದವು.

ಸೋಮವಾರ ಸಮಿತಿಯಲ್ಲಿ ಐದು ಜನ. ಅಧ್ಯಕ್ಷರಾಗಿ ಬಂದವರು ಬೇರೆ ಊರಿನ ವಿಶ್ವವಿದ್ಯಾಲಯದಿಂದ ನಿವೃತ್ತರಾದ ಒಬ್ಬ ಮಹಿಳೆ. ಕನ್ನಡಕದ ಮೇಲಿನಿಂದ ನೋಡುವ ಸ್ವಭಾವ, ನಗು ಗೊತ್ತೇ ಇಲ್ಲ. ಶಿಲ್ಪ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದಳು: ಕಾಯಿ ಒರೆಸಿಬಿಟ್ಟಿದ್ದೆವು, ಕಾಯಿಯಲ್ಲಿ ಸೊಗಡು ಸಿಗಲಿಲ್ಲ, ಬಟ್ಟೆಯಲ್ಲಿ ಸಿಕ್ಕಿತು.

"ಬಟ್ಟೆ!" ಅಂದರು ಅಧ್ಯಕ್ಷೆ. "ಒಂದು ಬಟ್ಟೆಯಲ್ಲಿ ಹೆಚ್ಚು ಬಂತು ಅಂದರೆ ಹೆಚ್ಚು ಕಾಯಿ ಒರೆಸಿರಬಹುದು, ದೊಡ್ಡ ಕಾಯಿ ಒರೆಸಿರಬಹುದು. ಅದನ್ನು ಹೇಗೆ ಹೋಲಿಸುತ್ತೀರಿ?"

"ಸಾಲಿಗೆ ಸರಿಯಾಗಿ ಇಪ್ಪತ್ತು ಕಾಯಿ, ಮೇಡಮ್. ಒರೆಸಿದ ಅದೇ ಕಾಯಿಗಳು ಇನ್ನೂ ನಮ್ಮ ಫ್ರಿಜ್ಜಲ್ಲಿವೆ. ನಿನ್ನೆ ಒಂದೊಂದರ ಉದ್ದ ಅಗಲ ಅಳೆದಿದ್ದೀವಿ. ಮಿಷನ್‌ಗೆ ತಗೊಂಡಿದ್ದು ಸಾಲಿಗೆ ಎರಡೇ, ಅದರ ಅಳತೆ ಮೊದಲೇ ಬರ್ಕೊಂಡಿದ್ವಿ. ಸೊಗಡು ಬೇರೆ, ಕಾಯಿ ಬೇರೆ ಆಗಿರೋದ್ರಿಂದ ಒಂದು ಚದರ ಸೆಂಟಿಮೀಟರ್‌ಗೆ ಎಷ್ಟು ಅಂತ ಹೇಳಬಹುದು. ಕಾಯಿ ಅರೆದು ಸಾರ ತೆಗೆದಿದ್ರೆ ಅದನ್ನ ಹೇಳೋಕೆ ಆಗ್ತಿರ್ಲಿಲ್ಲ."

ಅಧ್ಯಕ್ಷೆ ಸ್ವಲ್ಪ ಹೊತ್ತು ಹಾಳೆ ನೋಡಿದರು. "ಒರೆಸಬೇಕು ಅನ್ನುವುದು ನಿಮ್ಮ ಯೋಜನೆಯಲ್ಲಿ ಇಲ್ಲ. ಯಾರು ಹೇಳಿದ್ದು?"

ಪಂಚಪ್ಪ ಸರ್ ಗಂಟಲು ಸರಿಮಾಡಿಕೊಂಡರು. "ಅದು ಮೇಡಮ್, ಕೂಲಿಯವರ ಅಜಾಗರೂಕತೆ. ಮುಂದೆ ಹಾಗಾಗದ ಹಾಗೆ..."

ನಾನು ಹಿಂದಿನ ಸಾಲಿನಲ್ಲಿದ್ದೆ. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಶಿಲ್ಪ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವಳು ಸುಮ್ಮನಿರುವವಳೇ. ಆ ಸುಮ್ಮನಿರುವಿಕೆಯೇ ನನ್ನನ್ನು ಕುರ್ಚಿಯಿಂದ ಎಬ್ಬಿಸಿತು.

"ಕೂಲಿಯವರದ್ದಲ್ಲ ಸಾರ್," ಅಂದೆ, ಜೋರಾಗಿಯೇ. "ನನ್ನದು. ಒರೆಸಿ ತರದಿದ್ರೆ ಲ್ಯಾಬಿಗೆ ಕಾಲಿಡಬೇಡ ಅಂತ ಆ ಹೆಂಗಸಿಗೆ ಬೈದಿದ್ದು ನಾನು. ಅವರು ಹೇಳಿದ್ದನ್ನ ಅಚ್ಚುಕಟ್ಟಾಗಿ ಮಾಡಿದ್ರು. ಅಷ್ಟೇ ಅಲ್ಲ, ಒಂದು ಸಾಲಿಗೆ ಒಂದು ಬಟ್ಟೆ ಅಂತ ನಾವು ಯಾರೂ ಹೇಳದೇ ಮಾಡಿದ್ರು. ಅಜಾಗರೂಕತೆ ಅಂತ ಬರೆಯೋದಾದ್ರೆ ನನ್ನ ಹೆಸರಿಗೆ ಬರೀರಿ."

ಪಂಚಪ್ಪ ಸರ್ ಬೆವರು ಒರೆಸಿಕೊಂಡರು. ಅಧ್ಯಕ್ಷೆ ನನ್ನನ್ನು ಕನ್ನಡಕದ ಮೇಲಿನಿಂದ ನೋಡಿದರು. ನಾನೂ ನೋಡಿದೆ. ಕೂರಲಿಲ್ಲ.

"ಆ ಬಟ್ಟೆಯಲ್ಲಿ ಏನಾದರೂ ಉಳಿದಿದೆಯೇ?" ಅಂತ ಕೇಳಿದರು.

ಒಂಬತ್ತನೇ ತುಂಡಿನ ಒಂದು ಮೂಲೆಯನ್ನು ನಾನು ಅದ್ದದೆ ಕತ್ತರಿಸಿ ಇಟ್ಟಿದ್ದೆ, ಆಮೇಲೆ ಇನ್ನೊಂದು ಸಲ ನೋಡಬೇಕಾದರೆ ಇರಲಿ ಅಂತ. ಕವರಿನ ಸಮೇತ ಅವರ ಕೈಗೆ ಕೊಟ್ಟೆ. ಅವರು ಬಾಯಿ ಬಿಡಿಸಿ ಮೂಗಿಗೆ ಹಿಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಮತ್ತೊಂದು ಸಲ ಹಿಡಿದರು. ಪಕ್ಕದವರಿಗೆ ಕೊಟ್ಟರು. ಅವರು ಮೂಸಿ ಇನ್ನೊಬ್ಬರಿಗೆ ಕೊಟ್ಟರು. ದೇಶ ವಿದೇಶ ಸುತ್ತಿದ ಐದು ಜನ ವಿಜ್ಞಾನಿಗಳು ಗೋಪಾಲಮ್ಮನ ಗಂಡನ ಪಂಚೆಯ ಚೂರನ್ನು ಸರದಿಯ ಮೇಲೆ ಮೂಸಿದರು. ಕೊನೆಯವರು, "ಇವತ್ತು ಕ್ಯಾಂಟೀನಲ್ಲಿ ಏನ್ ಮಾಡಿದಾರಪ್ಪ?" ಅಂದರು. ಇಡೀ ಕೋಣೆ ಘೊಳ್ಳೆಂದು ನಕ್ಕಿತು. ಅಧ್ಯಕ್ಷೆಯೂ ನಕ್ಕರು. ಅವರಿಗೆ ಹಲ್ಲಿದೆ ಅಂತ ಆಗ ಗೊತ್ತಾಯಿತು.

"ತಾಕು ಖಾಲಿ ಮಾಡಬೇಡಿ," ಅಂದರು. "ಇನ್ನೆರಡು ಬೇಸಿಗೆ ಈ ಸಾಲುಗಳನ್ನು ಬೆಳೆಸಿ. ಅತಿಥಿಗೃಹ ಬೇರೆ ಕಡೆ ಕಟ್ಟಿಕೊಳ್ಳಲಿ, ನಾನು ಬರೆದುಕೊಡುತ್ತೇನೆ, ಫೆಲೋಶಿಪ್ ಮುಂದುವರಿಸಲೂ ಬರೆಯುತ್ತೇನೆ. ಶಿಲ್ಪ, ನೀವು ಪ್ರಬಂಧ ಬರೆಯಲು ಕೂತುಕೊಳ್ಳಿ. ತಳಿಯದ್ದು ಒಂದು. ಅಳೆಯುವ ವಿಧಾನದ್ದು ಇನ್ನೊಂದು, ಅದನ್ನು ಮೊದಲು ಬರೆಯಿರಿ. ಕಾಯಿ ಅರೆಯದೆ, ಬಟ್ಟೆಯಲ್ಲಿ ಒರೆಸಿ ಸೊಗಡು ಅಳೆಯಬಹುದು ಅಂದರೆ ಅದು ಸಣ್ಣ ವಿಷಯವಲ್ಲ."

ಕಾರಿಡಾರಿಗೆ ಬಂದ ಮೇಲೆ ನಾನು ಶಿಲ್ಪಳನ್ನು ಎತ್ತಿಕೊಂಡು ಸುತ್ತು ತಿರುಗಿಸಿದೆ. ಎಂ.ಎಸ್ಸಿ. ಹುಡುಗರು ಗಾಬರಿಯಾಗಿ ಗೋಡೆಗೆ ಅಂಟಿಕೊಂಡರು.

ಜುಲೈನಲ್ಲಿ ಅಳೆಯುವ ವಿಧಾನದ ಪ್ರಬಂಧವನ್ನು ವಿಜ್ಞಾನ ಪತ್ರಿಕೆಯೊಂದಕ್ಕೆ ಕಳಿಸಿದೆವು. ಲೇಖಕರ ಹೆಸರು ಶಿಲ್ಪ, ಗೋಪಾಲಮ್ಮ, ಗಜಾಲಾ, ಪಂಚಪ್ಪ. ಗೋಪಾಲಮ್ಮನ ಹೆಸರು ನೋಡಿ ಸರ್ ಏನೋ ಹೇಳಲು ಬಾಯಿ ತೆರೆದರು, ನನ್ನ ಮುಖ ನೋಡಿ ಮುಚ್ಚಿದರು. ಪತ್ರಿಕೆಯ ಪರಿಶೀಲಕರು ಎರಡು ಸಲ ವಾಪಸ್ ಕಳಿಸಿ ಪ್ರಾಣ ತಿಂದರು. ಎಲ್ಲದಕ್ಕೂ ಉತ್ತರ ಕೊಟ್ಟೆವು, ಒಂದನ್ನು ಬಿಟ್ಟು: ಮೊದಲ ಎರಡು ಸಾಲುಗಳ ಗ್ರಾಫಿನಲ್ಲಿ ಮಾತ್ರ ಆರನೇ ನಿಮಿಷಕ್ಕೆ ಒಂದು ಸಣ್ಣ ಶಿಖರ ಇದೆಯಲ್ಲ, ಅದೇನು? ತಲೆ ಕೆಡಿಸಿಕೊಂಡರೂ ಹೊಳೆಯಲಿಲ್ಲ. "ಕಾರಣ ತಿಳಿದಿಲ್ಲ" ಅಂತ ಪ್ರಾಮಾಣಿಕವಾಗಿ ಬರೆದೆವು. ಫೆಬ್ರವರಿಯಲ್ಲಿ ಒಪ್ಪಿಗೆ ಬಂತು. ಅಚ್ಚಿನ ಕರಡು ಕಳಿಸಿ, ತಿದ್ದುವುದಿದ್ದರೆ ನಲವತ್ತೆಂಟು ಗಂಟೆಯೊಳಗೆ ತಿದ್ದಿ ಅಂದಿದ್ದರು.

ಅದನ್ನು ಹಿಡಿದುಕೊಂಡು ನಾವಿಬ್ಬರೂ ತಾಕಿಗೆ ಹೋದೆವು. ಗೋಪಾಲಮ್ಮ ಹೊಸ ಬೇಸಿಗೆಯ ಬಿತ್ತನೆಗೆ ಸಾಲು ಹೊಡೆಸುತ್ತಿದ್ದರು. ಶಿಲ್ಪ ಬದುವಿನ ಮೇಲೆ ಕೂತು, ವಿಧಾನದ ಭಾಗವನ್ನು ಕನ್ನಡ ಮಾಡಿ ಓದಿ ಹೇಳಿದಳು. ಸಾಲಿಗೊಂದು ಹತ್ತಿ ಬಟ್ಟೆ. ಎಳೇ ಬಿಸಿಲಿಗೆ ಮುಂಚೆ. ಗಿಡಕ್ಕೆ ಎರಡು ಕಾಯಿ. ಒರೆಸಿದ ಮೇಲೆ ಗಾಳಿಯಾಡದ ಕವರ್.

"ಇದನ್ನ ಓದ್ಕೊಂಡು ಬ್ಯಾರೆ ದೇಸದೋರೂ ಇಂಗೇ ಮಾಡ್ತಾರಾ?" ಗೋಪಾಲಮ್ಮ ಕೇಳಿದರು.

"ಹೂಂ, ಇದರಲ್ಲಿ ಹೇಗಿದ್ಯೋ ಹಾಗೇ."

"ಅಂಗಾದ್ರೆ ತಪ್ಪು ಬರ್ದಿದೀಯ ಕಣವ್ವ. ಒರೆಸೋದು ಎಂಗೆ ಅಂತ್ಲೇ ಏಳಿಲ್ಲ. ಇಂದಕ್ಕೂ ಮುಂದಕ್ಕೂ ಉಜ್ಜಬಾರ್ದು. ಮೊದಲ್ನೇ ಎಲ್ಡು ಸಾಲು ನಾನು ಅಂಗೇ ಉಜ್ಜಿ, ಕಾಯಿ ಮೇಲಿನ ಸುಂಕೆಲ್ಲ ಕಿತ್ಕೊಂಡು ಬಟ್ಟೆ ಅಸ್ರಾಗೋಯ್ತು. ಆಮ್ಯಾಕೆ ಬುದ್ದಿ ಬಂತು. ಬುಡದಿಂದ ತುದೀಗೆ, ಒಂದೇ ಕಡೀಕೆ ಒರೆಸ್ಬೇಕು."

ಶಿಲ್ಪ ನನ್ನ ಕಡೆ ನೋಡಿದಳು. ಆರನೇ ನಿಮಿಷದ ಆ ಸಣ್ಣ ಶಿಖರ ಉಜ್ಜಿದಾಗ ಕಿತ್ತುಬಂದ ಸುಂಕಿನದ್ದು, ಕಾಯಿಯ ಮೈಮೇಲಿನ ನವಿರು ರೋಮದ್ದು. ಮೊದಲ ಎರಡು ಸಾಲು. ಇಬ್ಬರು ಪರಿಶೀಲಕರು, ಒಬ್ಬ ಮುಖ್ಯಸ್ಥ, ಒಬ್ಬ ಸಂಶೋಧಕಿ, ಇಪ್ಪತ್ತನಾಲ್ಕು ವರ್ಷದ ಅನುಭವದ ನಾನು, ಇಷ್ಟೂ ಜನ ಏಳು ತಿಂಗಳು ಒದ್ದಾಡಿದರೂ ಸಿಗದ ಉತ್ತರ.

"ಯಾಕ್ರೀ ಇಷ್ಟು ದಿನ ಹೇಳ್ಲಿಲ್ಲ?" ಅಂತ ಕಿರುಚಿದೆ.

"ಯಾರ್ ಕೇಳಿದ್ರಿ?" ಅಂದರು ಗೋಪಾಲಮ್ಮ.

ಶಿಲ್ಪ ಅಲ್ಲೇ ಬದುವಿನ ಮೇಲೆ ಮೊಬೈಲಿನಲ್ಲಿ ಕರಡು ತೆರೆದು, "ಕಾರಣ ತಿಳಿದಿಲ್ಲ" ಅನ್ನುವುದನ್ನು ಹೊಡೆದುಹಾಕಿ ಕಾರಣ ಬರೆದಳು. ವಿಧಾನದ ಭಾಗಕ್ಕೆ ಒಂದು ವಾಕ್ಯ ಸೇರಿಸಿದಳು. ಅದನ್ನೂ ಓದಿ ಹೇಳಿ, ಸರಿಯಾಗಿದೆಯಾ ಅಂತ ಕೇಳಿದಳು. ಗೋಪಾಲಮ್ಮ ಇನ್ನೊಂದು ಸಲ ಓದಿಸಿ, ತಲೆಯಾಡಿಸಿದ ಮೇಲೆಯೇ ಅವಳು ಕಳಿಸುವ ಗುಂಡಿ ಒತ್ತಿದ್ದು. ಈಗ ಅದು ಅಚ್ಚಾಗಿದೆ. ಪ್ರಪಂಚದ ಯಾವ ಮೂಲೆಯಲ್ಲಿ ಯಾರೇ ಈ ವಿಧಾನದಲ್ಲಿ ಸೊಗಡು ಅಳೆಯಲಿ, ಬುಡದಿಂದ ತುದಿಗೆ, ಒಂದೇ ಕಡೆಗೆ ಒರೆಸಬೇಕು.